ಓದುಗರ ಪ್ರಶ್ನೆ: ಐದು ಸಾವಿರದ ಗೇಮ್ ಕೊಳ್ಳಬೇಕೆ?

ದೀಪಾವಳಿಯ ಹೊತ್ತಿನಿಂದ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಓದುಗರು ವಿಡಿಯೊ ಗೇಮ್‌ಗಳ ಬೆಲೆಯ ಕುರಿತು ಬರೆಯುತ್ತಲೇ ಇದ್ದಾರೆ. ಗೇಮ್ ಆಡುವುದು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಯನ್ನು ಈ ಸಲ ಬದಿಗಿಟ್ಟಿದ್ದೇನೆ. ಕೊಟ್ಟ ರೊಕ್ಕಕ್ಕೆ ತಕ್ಕ ಆಟ ಸಿಕ್ಕಿತೇ ಎಂಬುದನ್ನು ಕೊಳ್ಳುವ ಮೊದಲೇ ತಿಳಿಯುವುದು ಹೇಗೆ ಎಂಬುದಷ್ಟೇ ಇಲ್ಲಿಯ ವಿಷಯ.

ಪ್ರಶ್ನೆ: ನಾನು ಗೋಕುಲ ರಸ್ತೆಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತೇನೆ. ಬೋನಸ್ಸಿನ ಹಣದಲ್ಲಿ ಗೆಳೆಯನಿಂದ ಹಳೆಯ ಪಿಎಸ್5 (ಟಿವಿಗೆ ಜೋಡಿಸಿ ಆಡುವ ಸೋನಿ ಕಂಪನಿಯ ಗೇಮ್ ಯಂತ್ರ) ಕೊಂಡೆ. ಈಗ ಹೊಸ ಗೇಮ್ ಒಂದರ ಮೇಲೆ ಮನಸ್ಸಿದೆ. ಡಿಸ್ಕಿನ ಬೆಲೆ 4,999 ರೂಪಾಯಿ. ಅದರಲ್ಲಿ 60 ಗಂಟೆಯ ಆಟವಿದೆ, ಗಂಟೆಗೆ 83 ರೂಪಾಯಿ ಬೀಳುತ್ತದೆ, ಸಿನಿಮಾಕ್ಕೆ ಹೋದರೂ ಅಷ್ಟೇ ಆಗುತ್ತದೆ ಎಂದು ಗೆಳೆಯ ಹೇಳುತ್ತಾನೆ. ಈ ಲೆಕ್ಕ ಸರಿಯೇ?
— ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮ ಗೆಳೆಯರ ಭಾಗಾಕಾರ ಸರಿಯಾಗಿದೆ, ಭಾಜಕ ತಪ್ಪಾಗಿದೆ. 60 ಗಂಟೆ ಎಂಬುದು ಆ ಗೇಮಿನಲ್ಲಿ ಇರುವ ಆಟ. ನೀವು ಆಡುವ ಆಟವಲ್ಲ. ಸಿನಿಮಾ ಟಿಕೆಟ್ ಕೊಂಡವರು ಸಾಮಾನ್ಯವಾಗಿ ಸಿನಿಮಾ ಮುಗಿಸಿಯೇ ಹೊರಗೆ ಬರುತ್ತಾರೆ, ಆದರೆ ಗೇಮ್ ಕೊಂಡವರಲ್ಲಿ ಬಹಳ ಮಂದಿ ಅದನ್ನು ಅರ್ಧಕ್ಕೇ ಬಿಡುತ್ತಾರೆ. ಎಂಟು ಗಂಟೆ ಆಡಿ ಬಿಟ್ಟರೆ ಅದೇ ಗೇಮ್ ನಿಮಗೆ ಗಂಟೆಗೆ 625 ರೂಪಾಯಿ ಬೀಳುತ್ತದೆ. ಆದ್ದರಿಂದ ಗೇಮ್ ಎಷ್ಟು ಉದ್ದವಿದೆ ಎಂದು ಕೇಳುವ ಮೊದಲು, ನಿಮ್ಮ ವಾರದಲ್ಲಿ ಎಷ್ಟು ಗಂಟೆ ಬಿಡುವಿದೆ ಎಂದು ಕೇಳಿಕೊಳ್ಳಬೇಕು. ಶಿಫ್ಟ್ ಮುಗಿಸಿ, ಮನೆಗೆ ಬಂದು, ಊಟ ಮಾಡಿ ಕುಳಿತಾಗ ವಾರಕ್ಕೆ ನಾಲ್ಕು ಗಂಟೆ ಸಿಕ್ಕರೆ ಹೆಚ್ಚು ಎಂದಿಟ್ಟುಕೊಳ್ಳೋಣ. 60 ಗಂಟೆಯ ಆಟಕ್ಕೆ ಹದಿನೈದು ವಾರ ಬೇಕು. ದೀಪಾವಳಿಗೆ ಶುರುಮಾಡಿದ ಗೇಮ್ ಮುಗಿಯುವಷ್ಟರಲ್ಲಿ ಶಿವರಾತ್ರಿ ಬಂದು ಸಿದ್ಧಾರೂಢ ಮಠದ ತೇರು ಎಳೆಯುವ ಹೊತ್ತಾಗಿರುತ್ತದೆ, ಮತ್ತು ಅಷ್ಟರಲ್ಲಿ ಬಹುಶಃ ಅದೇ ಗೇಮಿನ ಬೆಲೆಯೂ ಇಳಿದಿರುತ್ತದೆ.

ಇನ್ನೊಂದು ಮಾತು ಇದಕ್ಕಿಂತಲೂ ಮುಖ್ಯವಾದದ್ದು. ಗಂಟೆ ಎಂಬುದು ಎಲ್ಲ ಗೇಮ್‌ಗಳಲ್ಲೂ ಒಂದೇ ಸರಕಲ್ಲ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯನ್ನು ಚೀಲದ ತೂಕ ನೋಡಿ ಯಾರೂ ದರ ಕಟ್ಟುವುದಿಲ್ಲ. ಕಾಯಿಯನ್ನು ಕೈಗೆ ತೆಗೆದುಕೊಂಡು ಬಣ್ಣ ನೋಡುತ್ತಾರೆ, ಒಣಗಿದೆಯೇ ಎಂದು ಮುರಿದು ನೋಡುತ್ತಾರೆ. ತೇವ ಉಳಿದ ಕಾಯಿ ತಕ್ಕಡಿಯಲ್ಲಿ ಹೆಚ್ಚು ತೂಗುತ್ತದೆ, ದರದಲ್ಲಿ ಕಡಿಮೆ ಬೀಳುತ್ತದೆ. ಗೇಮ್‌ಗಳಲ್ಲಿಯೂ ಹೀಗೆ ತೇವದಿಂದ ತೂಗುವ ಗಂಟೆಗಳಿವೆ: ನಕ್ಷೆಯ ಈ ತುದಿಯಿಂದ ಆ ತುದಿಗೆ ಸುಮ್ಮನೆ ಓಡುವುದು, ಒಂದೇ ಬಗೆಯ ಠಾಣೆಯನ್ನು ಮೂವತ್ತು ಸಲ ಗೆಲ್ಲುವುದು, ಮುಂದಿನ ಅಧ್ಯಾಯ ತೆರೆಯಲೆಂದೇ ಅದೇ ಶತ್ರುಗಳನ್ನು ಮತ್ತೆ ಮತ್ತೆ ಹೊಡೆಯುವುದು. ಹೊದಿಕೆಯ ಮೇಲೆ ನೂರು ಗಂಟೆಯ ಆಟ ಎಂದು ಬರೆದದ್ದನ್ನು ಕಂಡಾಗ ಆ ನೂರರಲ್ಲಿ ಒಣಗಿದ ಕಾಯಿ ಎಷ್ಟು ಎಂದು ನಾನು ಮೊದಲು ವಿಚಾರಿಸುತ್ತೇನೆ.

ಉದಾಹರಣೆಗೆ ಎರಡು ಗೇಮ್‌ಗಳನ್ನು ನೋಡೋಣ. 2007ರಲ್ಲಿ ವಾಲ್ವ್ ಕಂಪನಿ ಹೊರತಂದ ಪೋರ್ಟಲ್ ಮೂರು ನಾಲ್ಕು ಗಂಟೆಗಳಲ್ಲಿ ಮುಗಿಯುತ್ತದೆ. ಗೋಡೆಯ ಮೇಲೆ ಒಂದು ಬಾಗಿಲು, ನೆಲದ ಮೇಲೆ ಇನ್ನೊಂದು ಬಾಗಿಲು ತೆರೆದು ಅವುಗಳ ನಡುವೆ ದಾಟುವ ಒಂದೇ ಉಪಾಯವನ್ನು ಕೋಣೆಯಿಂದ ಕೋಣೆಗೆ ಬೆಳೆಸುತ್ತಾ ಹೋಗುವ ಆ ಆಟದಲ್ಲಿ, ತೆಗೆದುಹಾಕಬಹುದಾದ ಹತ್ತು ನಿಮಿಷವನ್ನು ನಾನು ಹುಡುಕಲಾರೆ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ 2015ರಲ್ಲಿ ಹೊರತಂದ ದಿ ವಿಚರ್ 3 ಇದಕ್ಕೆ ತೀರ ಬೇರೆಯಾದದ್ದು. ಎಲ್ಲ ಉಪಕಥೆಗಳನ್ನೂ ಆಡಿದರೆ ನೂರು ಗಂಟೆ ಮೀರುತ್ತದೆ. ಆದರೆ ಅದರ ಎಷ್ಟೋ ಉಪಕಥೆಗಳನ್ನು ಮುಖ್ಯ ಕಥೆಯಷ್ಟೇ ಶ್ರದ್ಧೆಯಿಂದ ಬರೆದಿರುವುದರಿಂದ ಅಲ್ಲಿ ಉದ್ದ ಎಂಬುದು ಹೊರೆಯಾಗುವುದಿಲ್ಲ. ಗಂಟೆಯ ಲೆಕ್ಕ ಹಿಡಿದು ಹೋದರೆ ಪೋರ್ಟಲ್ ದುಬಾರಿ ಎನ್ನಬೇಕಾಗುತ್ತದೆ, ಮತ್ತು ಅದು ನನ್ನ ದೃಷ್ಟಿಯಲ್ಲಿ ತಪ್ಪು ತೀರ್ಪು.

ನಾನೂ ಈ ತಪ್ಪನ್ನು ಮಾಡಿದ್ದೇನೆ. ಒಂದು ದಸರಾ ರಜೆಯಲ್ಲಿ, ಪ್ರಪಂಚ ಬಹಳ ದೊಡ್ಡದಿದೆ ಎಂಬ ಒಂದೇ ಕಾರಣಕ್ಕೆ ಪೂರ್ತಿ ಬೆಲೆ ತೆತ್ತು ಗೇಮ್ ಒಂದನ್ನು ಕೊಂಡೆ. ಎರಡು ಸಂಜೆ ಆಡಿದ ಮೇಲೆ ಮತ್ತೆ ಅದನ್ನು ತೆರೆಯಲಿಲ್ಲ. ಅದೇ ವರ್ಷ ಅದರ ಬೆಲೆಯ ಐದನೆಯ ಒಂದು ಭಾಗವೂ ಇಲ್ಲದ ಸ್ಟಾರ್‌ಡ್ಯೂ ವ್ಯಾಲಿ ಕೊಂಡೆ. ಎರಿಕ್ ಬರೋನ್ ಎಂಬ ಒಬ್ಬರೇ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕುಳಿತು ಚಿತ್ರ, ಸಂಗೀತ, ಮಾತು ಎಲ್ಲವನ್ನೂ ತಾವೇ ಮಾಡಿದ ಗೇಮ್ ಅದು. 2016ರ ಫೆಬ್ರುವರಿಯಲ್ಲಿ 15 ಡಾಲರ್‌ಗೆ ಒಂದು ಸೆಂಟ್ ಕಡಿಮೆಗೆ ಮಾರಾಟಕ್ಕೆ ಬಂತು. ಅಜ್ಜನ ಪಾಳುಬಿದ್ದ ಹೊಲವನ್ನು ಹಸನು ಮಾಡಿ ಬಿತ್ತಿ ಬೆಳೆಯುವ ಆಟ. ಅಲ್ಲಿಯ ಒಂದೊಂದು ಋತುವಿಗೂ 28 ದಿನ. ಋತು ಬದಲಾದ ದಿನ, ಆ ಋತುವಿಗೆ ಹೊಂದದ ಬೆಳೆಯೆಲ್ಲ ಒಣಗಿಹೋಗುತ್ತದೆ. ಮುಂಗಾರು ಹಿಂಗಾರುಗಳ ಗಡುವು ಬಲ್ಲ ನಮ್ಮ ಕಡೆಯವರಿಗೆ ಆ ಆತಂಕವನ್ನು ಯಾರೂ ವಿವರಿಸಿ ಹೇಳಬೇಕಿಲ್ಲ. ಒಮ್ಮೆ ಕೊಂಡವರಿಗೆ ವರ್ಷವರ್ಷಗಳ ನಂತರವೂ ಹೊಸ ಭಾಗಗಳು ಬಿಡಿಗಾಸಿನ ಖರ್ಚಿಲ್ಲದೆ ಸೇರುತ್ತಾ ಬಂದಿವೆ. 2024ರ ಮಾರ್ಚಿನಲ್ಲಿ ಬಂದದ್ದಂತೂ ಬಹಳ ದೊಡ್ಡದು.

ನಿಮ್ಮ ಪ್ರಶ್ನೆಗೆ ನೇರವಾಗಿ ಹೇಳುವುದಾದರೆ, ಆ ಸರಣಿಯ ಹಿಂದಿನ ಗೇಮನ್ನು ನೀವು ಆಡಿ ಮುಗಿಸಿದ್ದರೆ, ಮುಗಿದಾಗ ಇನ್ನೂ ಇರಬೇಕಿತ್ತು ಎನ್ನಿಸಿದ್ದರೆ, ಕೊಳ್ಳಿರಿ. ಹಾಗಿಲ್ಲದಿದ್ದರೆ ಅದೇ ಸರಣಿಯ ಹಳೆಯ ಗೇಮನ್ನು ಕಡಿಮೆ ಬೆಲೆಗೆ ತಂದು ಮೊದಲು ಆಡಿರಿ. ಕೊಳ್ಳುವುದಾದರೆ ಡಿಸ್ಕನ್ನೇ ಕೊಳ್ಳಿರಿ, ನಿಮ್ಮ ಯಂತ್ರದಲ್ಲಿ ಡಿಸ್ಕ್ ಹಾಕುವ ಜಾಗವಿದ್ದರೆ. ಡಿಸ್ಕನ್ನು ಆಡಿ ಮುಗಿಸಿ ಮಾರಬಹುದು, ಗೆಳೆಯರೊಡನೆ ಅದಲುಬದಲು ಮಾಡಿಕೊಳ್ಳಬಹುದು; 4,999ಕ್ಕೆ ಕೊಂಡದ್ದು 3,000ಕ್ಕೆ ಮಾರಿಹೋದರೆ ಆ ಗೇಮಿನ ನಿಜವಾದ ಬೆಲೆ 1,999 ಮಾತ್ರ. ಡೌನ್‌ಲೋಡ್ ಮಾಡಿಕೊಂಡ ಪ್ರತಿಗೆ ಈ ಅನುಕೂಲವಿಲ್ಲ.

ಪ್ರಶ್ನೆ: ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಓದುತ್ತಿರುವ ವಿದ್ಯಾರ್ಥಿ ನಾನು. ಸಾಧಾರಣ ಲ್ಯಾಪ್‌ಟಾಪ್ ಇದೆ. ಹೊಸ ಗೇಮ್ ಬಿಡುಗಡೆಯಾದ ದಿನವೇ ಕೊಳ್ಳುವುದು ಒಳ್ಳೆಯದೋ, ಸೇಲ್ ಬರುವವರೆಗೆ ಕಾಯುವುದೋ? ಮುಂಗಡ ಬುಕಿಂಗ್ ಮಾಡಿದರೆ ಏನಾದರೂ ಲಾಭವಿದೆಯೇ?
— ಒಬ್ಬ ವಿದ್ಯಾರ್ಥಿ, ಧಾರವಾಡ

ಉತ್ತರ: ಕಾಯಿರಿ. ಬೇರೆ ಸರಕುಗಳು ಹಳತಾದಷ್ಟೂ ಸವೆಯುತ್ತವೆ. ಗೇಮ್ ಒಂದು ವರ್ಷ ಹಳತಾದರೆ ಎಷ್ಟೋ ಸಲ ಬೆಲೆಯೂ ಇಳಿದಿರುತ್ತದೆ, ಆಟವೂ ಸುಧಾರಿಸಿರುತ್ತದೆ. ಸೈಬರ್‌ಪಂಕ್ 2077 ಬಿಡುಗಡೆಯಾದದ್ದು 2020ರ ಡಿಸೆಂಬರ್ 10ರಂದು. ಹಳೆಯ ಪಿಎಸ್4 ಯಂತ್ರಗಳ ಮೇಲೆ ಅದು ಎಷ್ಟು ಹದಗೆಟ್ಟಿತ್ತೆಂದರೆ, ಒಂದು ವಾರ ಕಳೆಯುವಷ್ಟರಲ್ಲಿ ಸೋನಿ ಕಂಪನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದ ತೆಗೆದುಹಾಕಿ, ಕೊಂಡವರಿಗೆ ಹಣ ಹಿಂದಿರುಗಿಸುವುದಾಗಿ ಹೇಳಬೇಕಾಯಿತು. ಅದು ಅಂಗಡಿಗೆ ಮರಳಿದ್ದು 2021ರ ಜೂನ್‌ನಲ್ಲಿ. 2023ರ ಸೆಪ್ಟೆಂಬರ್‌ನಲ್ಲಿ ಬಂದ ದೊಡ್ಡ ಪರಿಷ್ಕರಣೆಯ ನಂತರ ಅದೇ ಗೇಮನ್ನು ಜನ ಮೆಚ್ಚಿ ಆಡಿದರು. 2016ರ ಆಗಸ್ಟ್‌ನಲ್ಲಿ ಬಂದ ನೋ ಮ್ಯಾನ್ಸ್ ಸ್ಕೈ ಕತೆಯೂ ಹೀಗೆಯೇ: ಹೇಳಿದ್ದರಲ್ಲಿ ಹಲವು ಸಂಗತಿಗಳು ಮೊದಲ ದಿನ ಇರಲೇ ಇಲ್ಲ, ನಂತರ ವರ್ಷಗಟ್ಟಲೆ ಉಚಿತ ಪರಿಷ್ಕರಣೆಗಳ ಮೂಲಕ ಒಂದೊಂದಾಗಿ ಬಂದವು. ಎರಡೂ ಸಂದರ್ಭಗಳಲ್ಲಿ ಪೂರ್ತಿ ಬೆಲೆ ಕೊಟ್ಟವರಿಗೆ ಸಿಕ್ಕಿದ್ದು ಅರೆಬೆಂದ ಅಡುಗೆ. ಕಾದವರಿಗೆ ಪೂರ್ತಿ ಎಡೆ, ಅದೂ ಕಡಿಮೆ ದುಡ್ಡಿಗೆ. ಇದು ನನಗೆ ನ್ಯಾಯವೆನ್ನಿಸುವುದಿಲ್ಲ. ಮೊದಲ ದಿನ ನಂಬಿಕೆಯಿಂದ ಕೊಂಡವರನ್ನೇ ಹೆಚ್ಚು ನಷ್ಟಕ್ಕೆ ಗುರಿಮಾಡುವ ವ್ಯಾಪಾರ ಸರಿಯಾದುದಲ್ಲ. ಆದರೆ ವ್ಯಾಪಾರ ಹಾಗಿರುವವರೆಗೆ ನಿಮ್ಮಂಥ ವಿದ್ಯಾರ್ಥಿಗಳು ಜಾಗ್ರತೆಯಿಂದ ಇರಲೇಬೇಕು.

ಮುಂಗಡ ಬುಕಿಂಗ್ ಬೇಡವೇ ಬೇಡ. ಡೌನ್‌ಲೋಡ್ ಮಾಡುವ ಸರಕು ಎಂದೂ ತೀರಿಹೋಗುವುದಿಲ್ಲ, ಆದ್ದರಿಂದ ಜಾಗ ಹಿಡಿದಿಡುವ ಅಗತ್ಯವೂ ಇಲ್ಲ.

ನಿಮ್ಮ ಲ್ಯಾಪ್‌ಟಾಪಿನ ಮಾತಿಗೆ ಬರೋಣ. ಕಂಪ್ಯೂಟರ್ ಗೇಮ್‌ಗಳನ್ನು ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಪ್ರತಿ ಗೇಮಿನ ಪುಟದ ಕೆಳಗೆ ಎಷ್ಟು ರ‍್ಯಾಮ್, ಯಾವ ಗ್ರಾಫಿಕ್ಸ್ ಕಾರ್ಡ್, ಎಷ್ಟು ಜಾಗ ಬೇಕು ಎಂಬ ವಿವರವಿರುತ್ತದೆ. ಅದನ್ನು ಬೆಲೆಗಿಂತ ಮೊದಲು ಓದಿರಿ, ಏಕೆಂದರೆ ಅದೂ ಬೆಲೆಯ ಒಂದು ಭಾಗವೇ. ರೆಡ್ ಡೆಡ್ ರಿಡೆಂಪ್ಷನ್ 2 ಕಂಪ್ಯೂಟರಿನಲ್ಲಿ 150 ಜಿಬಿ ಜಾಗ ಬೇಡುತ್ತದೆ. ದಿನಕ್ಕೆ ಒಂದೂವರೆ ಜಿಬಿ ಕೊಡುವ ಮೊಬೈಲ್ ಪ್ಯಾಕ್ ನಂಬಿಕೊಂಡು ಅಷ್ಟನ್ನು ಇಳಿಸಿಕೊಳ್ಳಲು ಹೊರಟರೆ ನೂರು ದಿನ ಬೇಕಾದೀತು. ರಿಯಾಯಿತಿಯಲ್ಲಿ ಉಳಿದ ದುಡ್ಡು ಹೀಗೆ ಡೇಟಾಕ್ಕೆ ಹೋದರೆ ಉಳಿಸಿದ್ದಕ್ಕೆ ಅರ್ಥವಿಲ್ಲ.

ಸ್ಟೀಮ್ 2015ರಿಂದ ಒಂದು ಒಳ್ಳೆಯ ಸೌಲಭ್ಯ ಕೊಟ್ಟಿದೆ: ಕೊಂಡು 14 ದಿನ ದಾಟಿರಬಾರದು, ಆಡಿದ್ದು ಎರಡು ಗಂಟೆಗಿಂತ ಕಡಿಮೆ ಇರಬೇಕು, ಆಗ ಕೇಳಿದರೆ ಹಣ ವಾಪಸ್ ಬರುತ್ತದೆ. ಈ ಎರಡು ಗಂಟೆಯನ್ನು ಜತನದಿಂದ ಬಳಸಿರಿ. ಪಾತ್ರದ ಮುಖ, ಕೂದಲು ತಿದ್ದುವುದರಲ್ಲೇ ಒಂದು ಗಂಟೆ ಕಳೆದವರನ್ನು ನಾನು ಬಲ್ಲೆ. ಮೊದಲ ಹತ್ತು ನಿಮಿಷದಲ್ಲಿ ಲ್ಯಾಪ್‌ಟಾಪ್ ಅದನ್ನು ತಡೆಯಿಲ್ಲದೆ ಓಡಿಸುತ್ತದೆಯೇ ನೋಡಿರಿ, ಅಕ್ಷರಗಳು ನಿಮ್ಮ ಪರದೆಯ ಮೇಲೆ ಓದಲು ಬರುತ್ತವೆಯೇ ನೋಡಿರಿ, ಆಮೇಲೆ ಗಡಿಯಾರ ಇಟ್ಟುಕೊಂಡು ಆಡಿರಿ. ಒಂದೂವರೆ ಗಂಟೆಗೆ ನಿಲ್ಲಿಸಿ ಮಲಗಿ, ಮರುದಿನ ಸಂಜೆ ಮತ್ತೆ ಆಡಬೇಕೆನ್ನಿಸಿದರೆ ಇಟ್ಟುಕೊಳ್ಳಿರಿ. ವಿಮರ್ಶಕರು ಕೊಡುವ ಅಂಕಗಳಿಗಿಂತ ಈ ಮರುದಿನದ ಸಂಜೆಯನ್ನು ನಾನು ಹೆಚ್ಚು ನಂಬುತ್ತೇನೆ.

ಪ್ರಶ್ನೆ: ನಾನು ಶಿಕ್ಷಕಿ. ಏಳನೆಯ ತರಗತಿಯ ಮಗನಿಗೆ ಹಾಲಿನವರಿಗೆ ಹಣ ಕಳಿಸಲೆಂದು ನನ್ನ ಫೋನಿನ ಯುಪಿಐ ಪಿನ್ ಹೇಳಿಕೊಟ್ಟಿದ್ದೆ. “ಅವ್ವಾ, ಈ ಗೇಮ್ ಪುಕ್ಕಟೆ ಐತಿ, ರೊಕ್ಕ ಕೊಡೂದಿಲ್ಲ” ಎಂದು ಹೇಳಿ ಒಂದು ಗೇಮ್ ಹಾಕಿಕೊಂಡಿದ್ದ. ಎರಡು ತಿಂಗಳಲ್ಲಿ 3,200 ರೂಪಾಯಿ ಹೋಗಿದೆ. ಪುಕ್ಕಟೆ ಗೇಮಿಗೆ ಇಷ್ಟು ಹಣ ಹೇಗೆ ಖರ್ಚಾಯಿತು?
— ಒಬ್ಬ ತಾಯಿ, ಹಾವೇರಿ

ಉತ್ತರ: ನಿಮ್ಮ ಮಗ ಸುಳ್ಳು ಹೇಳಿಲ್ಲ ಎಂಬುದನ್ನು ಮೊದಲು ಹೇಳಬೇಕು. ಗೇಮ್ ಇಳಿಸಿಕೊಳ್ಳಲು ಹಣ ಬೇಕಿರಲಿಲ್ಲ. ಅದರ ವ್ಯಾಪಾರ ಇರುವುದೇ ಒಳಗೆ. ಪಾತ್ರಕ್ಕೆ ಹೊಸ ಉಡುಪು, ಬಂದೂಕಿಗೆ ಹೊಸ ಬಣ್ಣ, ಈ ತಿಂಗಳ ಪಾಸ್ ಎಂದು ಅಲ್ಲಿ ಚಿಕ್ಕ ಚಿಕ್ಕ ಮೊತ್ತ ಕೇಳುತ್ತಾರೆ. ಕೇಳುವುದನ್ನೂ ರೂಪಾಯಿಯಲ್ಲಿ ಕೇಳುವುದಿಲ್ಲ. ರೂಪಾಯಿಯನ್ನು ಮೊದಲು ಗೇಮಿನೊಳಗಿನ ನಾಣ್ಯಕ್ಕೋ ವಜ್ರಕ್ಕೋ ಬದಲಿಸಿಕೊಳ್ಳಬೇಕು, ಉಡುಪಿನ ಬೆಲೆ ಆ ನಾಣ್ಯದಲ್ಲಿರುತ್ತದೆ. ನಾಣ್ಯದ ಪೊಟ್ಟಣ ಮತ್ತು ಉಡುಪಿನ ಬೆಲೆ ಸರಿಹೊಂದದಂತೆ ಇಟ್ಟಿರುವುದರಿಂದ ಪ್ರತಿ ಸಲವೂ ಒಂದಿಷ್ಟು ನಾಣ್ಯ ಮಿಗುತ್ತದೆ, ಮಿಕ್ಕದ್ದನ್ನು ಬಳಸಲು ಮತ್ತೊಂದು ಪೊಟ್ಟಣ ಕೊಳ್ಳಬೇಕಾಗುತ್ತದೆ. ಏಳನೆಯ ತರಗತಿಯ ಹುಡುಗ ಈ ಲೆಕ್ಕದಲ್ಲಿ ಸೋತರೆ ಆ ತಪ್ಪನ್ನು ಅವನ ತಲೆಗೆ ಕಟ್ಟಬಾರದು.

ಇದರಲ್ಲಿ ಬಹಳ ಕೆಟ್ಟದ್ದು, ಒಳಗೇನಿದೆ ಎಂದು ತಿಳಿಯದೆ ಹಣ ಕೊಟ್ಟು ತೆರೆಯುವ ಪೆಟ್ಟಿಗೆ. ಜಾತ್ರೆಯಲ್ಲಿ ಚೀಟಿ ಎತ್ತುವ ಆಟ ನೀವು ನೋಡಿದ್ದೀರಿ. ಇದು ಅದೇ, ಆದರೆ ಜಾತ್ರೆ ಮುಗಿಯುವುದೇ ಇಲ್ಲ. 2017ರ ಕೊನೆಯಲ್ಲಿ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 ಎಂಬ ಗೇಮ್ ಪೂರ್ತಿ ಬೆಲೆಗೆ ಮಾರಿದ ಮೇಲೂ ಇಂಥ ಪೆಟ್ಟಿಗೆಗಳನ್ನು ಇಟ್ಟದ್ದಕ್ಕೆ ದೊಡ್ಡ ವಿರೋಧ ಎದ್ದಿತು. 2018ರಲ್ಲಿ ಬೆಲ್ಜಿಯಂ ದೇಶದ ಜೂಜು ನಿಯಂತ್ರಣ ಆಯೋಗ ಹಲವು ಗೇಮ್‌ಗಳ ಪೆಟ್ಟಿಗೆಗಳನ್ನು ಕಾನೂನುಬಾಹಿರ ಜೂಜು ಎಂದೇ ಹೇಳಿತು. ನಮ್ಮಲ್ಲಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ತಡೆಯಲು ಹೊರಟಿರುವುದು ಹಣ ಹೂಡಿ ಹಣ ಗೆಲ್ಲುವ ಆಟಗಳನ್ನು. ನಿಮ್ಮ ಮಗ ಕೊಂಡಂಥ ಉಡುಪುಗಳ ಕಾವಲು ಮನೆಯವರೇ ಕಾಯಬೇಕು.

ಇವತ್ತೇ ಮಾಡಬೇಕಾದದ್ದು ಇಷ್ಟು. ಯುಪಿಐ ಪಿನ್ ಬದಲಿಸಿರಿ, ಹಾಲಿನವರಿಗೆ ನೀವೇ ಕಳಿಸಿರಿ. ಗೂಗಲ್ ಪ್ಲೇ ಸೆಟ್ಟಿಂಗ್ಸಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿರಿ. ಅಲ್ಲಿಯ ಖರೀದಿಗಳಿಗೆ 48 ಗಂಟೆಯೊಳಗೆ ಹಣ ವಾಪಸ್ ಕೇಳಿ ಅರ್ಜಿ ಹಾಕಬಹುದು. ಕೊನೆಯ ಖರೀದಿ ಆ ಅವಧಿಯೊಳಗಿನದಾಗಿದ್ದರೆ ತಡಮಾಡಬೇಡಿ.

ಆಮೇಲೆ ಮಗನನ್ನು ಹತ್ತಿರ ಕೂರಿಸಿಕೊಂಡು ಆ ಎರಡು ತಿಂಗಳ ಖರೀದಿಗಳನ್ನು ಒಂದು ಹಾಳೆಯಲ್ಲಿ ಬರೆಯಿಸಿರಿ, ನಾಣ್ಯದಲ್ಲಲ್ಲ, ರೂಪಾಯಿಯಲ್ಲಿ. ಬೈಯಬೇಡಿ. ಆ ಹಣಕ್ಕೆ ಪೂರ್ತಿ ಆಡಿ ಮುಗಿಸಬಹುದಾದ ಎಷ್ಟು ಗೇಮ್‌ಗಳು ಬರುತ್ತಿದ್ದವು ಎಂದು ಅವನೇ ಹುಡುಕಲಿ. ಒಮ್ಮೆ ಹಣ ಕೊಟ್ಟರೆ ಮತ್ತೆ ಕೈ ಚಾಚದ ಗೇಮ್‌ಗಳು ಮೊಬೈಲಿಗೂ ಬೇಕಾದಷ್ಟಿವೆ. ನಾನು ಮೇಲೆ ಹೇಳಿದ ಸ್ಟಾರ್‌ಡ್ಯೂ ವ್ಯಾಲಿ ಮೊಬೈಲಿನಲ್ಲಿಯೂ ಸಿಗುತ್ತದೆ. ಬೆಲೆ ಬರೆದಿರುವ ಆ ಗೇಮ್‌ಗಳು ಮಕ್ಕಳಿರುವ ಮನೆಗೆ ಪುಕ್ಕಟೆ ಗೇಮ್‌ಗಳಿಗಿಂತ ಅಗ್ಗ ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಶ್ನೆ: ನಾವು ಹಣ ಕೊಟ್ಟು ಡೌನ್‌ಲೋಡ್ ಮಾಡಿದ ಗೇಮ್ ನಮ್ಮ ಸ್ವಂತದ್ದೇ? ಮೊಮ್ಮಗನಿಗೆ ಕಾಣಿಕೆ ಕೊಡುವ ಮೊದಲು ತಿಳಿಯಬೇಕಾಗಿದೆ.
— ಒಬ್ಬ ಅಜ್ಜ, ಗದಗ-ಬೆಟಗೇರಿ

ಉತ್ತರ: ಬೆಟಗೇರಿಯ ಸೀರೆ ಕೊಂಡರೆ ಅದು ಕೊಂಡವರದ್ದು, ನೇಕಾರರು ಮಗ್ಗ ನಿಲ್ಲಿಸಿದರೂ ಸೀರೆ ಪೆಟ್ಟಿಗೆಯಲ್ಲಿಯೇ ಇರುತ್ತದೆ. ಡೌನ್‌ಲೋಡ್ ಗೇಮಿನ ವಿಷಯದಲ್ಲಿ ನೀವು ಸಾಮಾನ್ಯವಾಗಿ ಕೊಳ್ಳುವುದು ಆಡುವ ಅನುಮತಿಯನ್ನು ಮಾತ್ರ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಇದನ್ನು ಮಾರುವವರು ಕೊಳ್ಳುವವರಿಗೆ ಸ್ಪಷ್ಟವಾಗಿ ತಿಳಿಸಲೇಬೇಕೆಂಬ ಕಾನೂನು 2025ರ ಜನವರಿಯಿಂದ ಜಾರಿಯಲ್ಲಿದೆ. ಯುಬಿಸಾಫ್ಟ್ ಕಂಪನಿಯ ದಿ ಕ್ರೂ ಎಂಬ ಕಾರು ಓಟದ ಗೇಮ್ 2014ರಲ್ಲಿ ಬಂತು. 2024ರ ಮಾರ್ಚ್ 31ರಂದು ಕಂಪನಿ ಅದರ ಸರ್ವರ್‌ಗಳನ್ನು (ಇಂಟರ್‌ನೆಟ್ ಮೂಲಕ ಗೇಮ್ ನಡೆಸುವ ಕಂಪ್ಯೂಟರ್‌ಗಳನ್ನು) ನಿಲ್ಲಿಸಿದಾಗ, ಒಬ್ಬರೇ ಆಡುವ ಭಾಗವೂ ಸೇರಿ ಇಡೀ ಗೇಮ್ ನಿಂತುಹೋಯಿತು. ಡಿಸ್ಕ್ ಇದ್ದವರಿಗೂ ಅದು ಉಪಯೋಗಕ್ಕೆ ಬಾರದಾಯಿತು. ಅದೇ ವರ್ಷ ಸೋನಿಯ ಕಾನ್ಕಾರ್ಡ್ ಎಂಬ ಗೇಮ್ ಆಗಸ್ಟ್ 23ಕ್ಕೆ ತೆರೆದು ಸೆಪ್ಟೆಂಬರ್ 6ಕ್ಕೆ ಮುಚ್ಚಿತು. ಅಲ್ಲಿ ಕೊಂಡವರಿಗೆ ಹಣವನ್ನು ಮರಳಿಸಿದರು ಎಂಬುದನ್ನೂ ಹೇಳಬೇಕು.

ಆದ್ದರಿಂದ ಕಾಣಿಕೆ ಕೊಡುವಾಗ, ಇಂಟರ್‌ನೆಟ್ ಇಲ್ಲದೆಯೂ ಆಡಲು ಬರುವ ಗೇಮನ್ನು ಆರಿಸಿರಿ. ಜಿಒಜಿ ಎಂಬ ಆನ್‌ಲೈನ್ ಅಂಗಡಿಯಲ್ಲಿ ಕೊಂಡ ಗೇಮ್‌ಗಳ ಕಡತವನ್ನು ಪೆನ್ ಡ್ರೈವಿನಲ್ಲೋ ಹಾರ್ಡ್ ಡಿಸ್ಕಿನಲ್ಲೋ ತೆಗೆದಿಟ್ಟುಕೊಳ್ಳಬಹುದು. ಅಂಗಡಿಯ ಅಪ್ಪಣೆ ಕೇಳದೆಯೇ ಅವು ನಡೆಯುತ್ತವೆ.

ಪ್ರಶ್ನೆ: ಹಾಸ್ಟೆಲಿನಲ್ಲಿ ಎಲ್ಲರ ಬಳಿಯೂ ಕ್ರ್ಯಾಕ್ ಮಾಡಿದ (ಹಣ ಕೊಡದೆ ಆಡುವಂತೆ ಬೀಗ ಮುರಿದ) ಗೇಮ್‌ಗಳಿವೆ, ಪೆನ್ ಡ್ರೈವಿನಲ್ಲಿ ಕೈಯಿಂದ ಕೈಗೆ ಬರುತ್ತವೆ. ಹೀಗಿರುವಾಗ ದುಡ್ಡು ಕೊಟ್ಟು ಏಕೆ ಕೊಳ್ಳಬೇಕು?
— ಒಬ್ಬ ವಿದ್ಯಾರ್ಥಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಆ ಪೆನ್ ಡ್ರೈವಿನಲ್ಲಿ ಗೇಮಿನ ಜೊತೆಗೆ ಇನ್ನೇನು ಬರುತ್ತದೆ ಎಂದು ಕೊಟ್ಟ ಗೆಳೆಯರಿಗೂ ತಿಳಿದಿರುವುದಿಲ್ಲ, ಮತ್ತು ನಿಮ್ಮ ಬ್ಯಾಂಕ್ ಖಾತೆ, ಕಾಲೇಜಿನ ಪ್ರಾಜೆಕ್ಟ್ ಎಲ್ಲ ಇರುವುದು ಅದೇ ಲ್ಯಾಪ್‌ಟಾಪಿನಲ್ಲಿ. ಆದರೆ ಭಯಪಡಿಸಿ ಉತ್ತರ ಮುಗಿಸಲು ನನಗೆ ಮನಸ್ಸಿಲ್ಲ. ಪುಣೆಯ ನೋಡಿಂಗ್ ಹೆಡ್ಸ್ ಗೇಮ್ಸ್ ಎಂಬ ಚಿಕ್ಕ ತಂಡ ನಮ್ಮ ಪುರಾಣಗಳ ನೆಲೆಯಿಂದಲೇ ರಾಜಿ ಎಂಬ ಗೇಮನ್ನು ಕಟ್ಟಿ 2020ರಲ್ಲಿ ಹೊರತಂದಿತು. ಅಂಥ ತಂಡಕ್ಕೆ ಒಂದೊಂದು ಪ್ರತಿಯ ಮಾರಾಟವೂ ಮುಂದಿನ ಗೇಮಿನ ಸಂಬಳ. ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಗೇಮ್ ಮಾಡಬೇಕೆಂಬ ಆಸೆಯಿಂದ ಪ್ರೋಗ್ರಾಮಿಂಗ್ ಕಲಿಯುತ್ತಿರುವ ಹುಡುಗ ಹುಡುಗಿಯರನ್ನು ನಾನು ಕಂಡಿದ್ದೇನೆ; ನಾಳೆ ಅವರ ಗೇಮೂ ಅದೇ ಪೆನ್ ಡ್ರೈವಿನಲ್ಲಿ ಬರಬೇಕೆ ಎಂದು ನೀವೇ ಹೇಳಿರಿ.

ಕೈಯಲ್ಲಿ ಹಣವಿಲ್ಲ ಎಂಬುದು ನಿಜವಾದ ಕಾರಣವಾಗಿದ್ದರೆ ಅದಕ್ಕೆ ನೇರವಾದ ದಾರಿಯೇ ಇದೆ. ಎಪಿಕ್ ಗೇಮ್ಸ್ ಎಂಬ ಆನ್‌ಲೈನ್ ಅಂಗಡಿ ವಾರಕ್ಕೊಂದಾದರೂ ಗೇಮನ್ನು ಉಚಿತವಾಗಿ ಕೊಡುತ್ತದೆ. ಖಾತೆ ತೆರೆದು ಆ ವಾರದೊಳಗೆ ಪಡೆದುಕೊಂಡರೆ ಅದು ನಿಮ್ಮ ಖಾತೆಯಲ್ಲಿ ಉಳಿಯುತ್ತದೆ. ಇಳಿಸಿಕೊಳ್ಳುವುದನ್ನು ಪರೀಕ್ಷೆ ಮುಗಿದ ಮೇಲೆ ಮಾಡಿದರೂ ನಡೆಯುತ್ತದೆ.